ಬಾಗಿಲು ತಪ್ಪಿ ಬಂದ ಹೆಡ್ ಕಾನ್‌ಸ್ಟೆಬಲ್: ಅರೆಸೇನಾ ಪಡೆಗಳ ನೇಮಕಾತಿ ಮತ್ತು ಬಡ್ತಿಯ ಕಾನೂನು

(2025ರ ನವೆಂಬರಿನಲ್ಲಿ ಯಲಹಂಕದಲ್ಲಿ, ಕೇಂದ್ರ ಪಡೆಗಳ ನೇಮಕಾತಿಗೆ ತಯಾರಾಗುತ್ತಿರುವ ಯುವಕ ಯುವತಿಯರು ಮತ್ತು ಅವರ ಮನೆಯವರ ಮುಂದೆ, ಸೇವಾ ವಿಷಯಗಳ ವಕೀಲರೊಬ್ಬರು ಆಡಿದ ಮಾತಿನ ಬರಹ ರೂಪ.)

ಇಂದಿರಾನಗರದ ಬಿಡಿಎ ಕಾಂಪ್ಲೆಕ್ಸ್ ನಿಮ್ಮಲ್ಲಿ ಜಾಸ್ತಿ ಜನ ನೋಡಿರುತ್ತೀರಿ. ಕೆಳಗೆ ಅಂಗಡಿಗಳು, ಮೇಲೆ ಕೇಂದ್ರ ಆಡಳಿತ ನ್ಯಾಯಮಂಡಳಿ. ನಾವು ವಕೀಲರು ಅದನ್ನು ಸಿಎಟಿ ಅನ್ನುತ್ತೇವೆ. ಕೇಂದ್ರ ಸರ್ಕಾರದ ನೌಕರರು ಬಡ್ತಿ, ವರ್ಗಾವಣೆ, ಸಂಬಳದ ತಕರಾರು ಇದ್ದರೆ ಅಲ್ಲಿಗೆ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಂಚೆ ನೌಕರರೊಬ್ಬರ ಕೇಸು ಮುಗಿಸಿ ಇಳಿದು ಬರುತ್ತಿದ್ದೆ. ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ವಯಸ್ಸು ನಲವತ್ತರ ಮೇಲೆ. ಮಾತು ಹಾಸನದ ಕಡೆಯದು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳಿದ್ದವು. ಎಷ್ಟು ಸಲ ಬಿಡಿಸಿ ಮಡಿಸಿದ್ದರೋ, ಮಡಿಕೆಯ ಜಾಗದಲ್ಲೆಲ್ಲ ಹರಿದು ಸೆಲ್ಲೋಟೇಪ್ ಅಂಟಿಸಿತ್ತು.

ಅವರು ಒಂದು ಕೇಂದ್ರ ಪಡೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಆಗ ಪೋಸ್ಟಿಂಗ್ ಬೆಂಗಳೂರಲ್ಲೇ ಇತ್ತು. ಅವರಿಗಿಂತ ಕಿರಿಯರು ಬಡ್ತಿ ಪಡೆದು ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿದ್ದರು, ಇವರ ಹೆಸರು ಪಟ್ಟಿಯಲ್ಲಿ ಬಂದಿರಲಿಲ್ಲ. ಕೇಸು ಹಾಕೋಣ ಅಂತ ಒಂದು ದಿನ ರಜೆ ಹಾಕಿ ಬಂದಿದ್ದರು. ಮೇಲೆ ಕೌಂಟರಿನಲ್ಲಿ, ನಿಮ್ಮ ಕೇಸು ಇಲ್ಲಿ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅವರು ನನ್ನನ್ನು ಕೇಳಿದ ಮಾತು ಇವತ್ತಿಗೂ ನೆನಪಿದೆ. "ಸರ್, ಇಲ್ಲಿ ನಮ್ದು ತಗೊಳಲ್ವಂತೆ. ಹಾಗಾದ್ರೆ ನಾವು ಸರ್ಕಾರಿ ನೌಕರರಲ್ವಾ?"

ಕೌಂಟರಿನವರು ಹೇಳಿದ್ದು ಸರಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಭೂಸೇನೆ, ನೌಕಾಪಡೆ, ವಾಯುಪಡೆಯವರನ್ನು ಹೊರಗಿಟ್ಟಿದೆ. ಜೊತೆಗೆ 'ಒಕ್ಕೂಟದ ಇತರ ಸಶಸ್ತ್ರ ಪಡೆ'ಗಳವರನ್ನೂ ಹೊರಗಿಟ್ಟಿದೆ. ಸಿಆರ್‌ಪಿಎಫ್ (ಕೇಂದ್ರ ಮೀಸಲು ಪೊಲೀಸ್ ಪಡೆ), ಬಿಎಸ್‌ಎಫ್ (ಗಡಿ ಭದ್ರತಾ ಪಡೆ), ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ), ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್), ಎಸ್‌ಎಸ್‌ಬಿ (ಸಶಸ್ತ್ರ ಸೀಮಾ ಬಲ) ಎಲ್ಲ ಆ ಮಾತಿನೊಳಗೆ ಬರುತ್ತವೆ. ಸರಿ, ಸೇನೆಯವರಿಗೆ 2007ರ ಕಾಯ್ದೆಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆಯಿತಲ್ಲ, ಅಲ್ಲಿಗೆ ಹೋಗಬಹುದಾ? ಅದೂ ಇಲ್ಲ. ಅದು ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ ಮಾತ್ರ. ಎರಡು ಬಾಗಿಲೂ ಇವರಿಗೆ ಮುಚ್ಚಿವೆ. ಉಳಿದಿರುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಸರ್ಕಾರದ ಕ್ರಮವನ್ನು ನೇರವಾಗಿ ಅಲ್ಲೇ ಪ್ರಶ್ನಿಸುವ ಅರ್ಜಿ. ಅವರನ್ನು ನನ್ನ ಸ್ಕೂಟರಿನಲ್ಲೇ ಕೂರಿಸಿಕೊಂಡು ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋದೆ. ಆ ಕೇಸಿನ ಕಥೆಗೆ ಆಮೇಲೆ ಬರುತ್ತೇನೆ.

ನಾನು ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನೀವೆಲ್ಲ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತೀರಿ. 5 ಕಿಲೋಮೀಟರನ್ನು 24 ನಿಮಿಷದಲ್ಲಿ ಮುಗಿಸಬೇಕು ಎಂದು ಹುಡುಗರೆಲ್ಲರಿಗೂ ಗೊತ್ತು. 1.6 ಕಿಲೋಮೀಟರಿಗೆ ಎಂಟೂವರೆ ನಿಮಿಷ ಎಂದು ಹುಡುಗಿಯರಿಗೆ ಗೊತ್ತು. ಆದರೆ ಸೇರಿದ ಮೇಲೆ ಮೂವತ್ತೈದು, ನಲವತ್ತು ವರ್ಷ ನಿಮ್ಮನ್ನು ಆಳುವ ಕಾನೂನು ಯಾವುದು? ಅದನ್ನು ಸೇರುವ ಮೊದಲೇ ಓದಿದವರು ಯಾರಾದರೂ ಇದ್ದೀರಾ? ಕೈ ಎತ್ತಿ. ಇಲ್ಲ ಅಲ್ವಾ. ನಿಮ್ಮ ತಪ್ಪಲ್ಲ, ಯಾರೂ ಹೇಳಿಕೊಡುವುದಿಲ್ಲ. ಇವತ್ತು ನಾನು ಬಂದಿರುವುದು ಅದಕ್ಕೇ.

ಮೊದಲು ಕಾಯ್ದೆ. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. 'ಒಕ್ಕೂಟದ ಇತರ ಸಶಸ್ತ್ರ ಪಡೆ' ಕೇಂದ್ರದ ವಿಷಯ, ಕೇಂದ್ರಪಟ್ಟಿಯ ಎರಡನೇ ನಮೂದಿನಲ್ಲೇ ಇದೆ. ಆ ಅಧಿಕಾರದ ಮೇಲೆ ಒಂದೊಂದು ಪಡೆಗೂ ಒಂದೊಂದು ಕಾಯ್ದೆ. ಹಳೆಯದು ಸಿಆರ್‌ಪಿಎಫ್‌ನದು, 1949ರದು. ಬ್ರಿಟಿಷರು 1939ರಲ್ಲಿ ನೀಮಚ್‌ನಲ್ಲಿ ಕಟ್ಟಿದ್ದ ಒಂದು ಪಡೆಗೆ ಸರ್ದಾರ್ ಪಟೇಲರ ಕಾಲದಲ್ಲಿ ಹೊಸ ಹೆಸರು, ಹೊಸ ಕಾನೂನು ಬಂತು. ಬಿಎಸ್‌ಎಫ್ ಹುಟ್ಟಿದ್ದು 1965ರ ಡಿಸೆಂಬರ್ 1ಕ್ಕೆ, ಕಾಯ್ದೆ ಬಂದಿದ್ದು 1968ರಲ್ಲಿ. ಐಟಿಬಿಪಿ 1962ರಿಂದಲೇ ಹಿಮದಲ್ಲಿ ಕಾವಲು ನಿಂತಿದೆ, ಅದಕ್ಕೆ ಸ್ವಂತ ಕಾಯ್ದೆ ಸಿಕ್ಕಿದ್ದು 1992ರಲ್ಲಿ. ಎಸ್‌ಎಸ್‌ಬಿಗೆ 2007ರಲ್ಲಿ. ಅಸ್ಸಾಂ ರೈಫಲ್ಸ್‌ಗೆ ಈಗಿರುವ ಕಾಯ್ದೆ 2006ರದು. ಅದರ ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹಿಡಿತ ಸೇನೆಯದು.

ಸಿಐಎಸ್‌ಎಫ್ ಕಥೆ ಬೇರೆ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ತಪಾಸಣೆ ಮಾಡಿ ಒಳಗೆ ಬಿಡುವವರು ಅವರೇ. 1968ರಲ್ಲಿ ಕಾಯ್ದೆ ಆದಾಗ ಅವರನ್ನು 'ಒಕ್ಕೂಟದ ಸಶಸ್ತ್ರ ಪಡೆ' ಎಂದು ಕರೆದಿರಲಿಲ್ಲ. ಆ ಮೂರು ಪದ ಸೇರಿದ್ದು 1983ರ ತಿದ್ದುಪಡಿಯಲ್ಲಿ. ಬರೀ ಮೂರು ಪದ. ಆದರೆ ಯಾವ ಕೋರ್ಟಿಗೆ ಹೋಗಬೇಕು, ಸಂಘ ಕಟ್ಟಬಹುದಾ ಇಲ್ಲವಾ ಎನ್ನುವುದೆಲ್ಲ ಅಂಥ ಪದಗಳ ಮೇಲೆ ನಿಂತಿದೆ.

ಪಿಂಚಣಿಯನ್ನೇ ನೋಡಿ. ಇದು ಇವತ್ತಿನ ವಿಷಯದಿಂದ ಸ್ವಲ್ಪ ಆಚೆಗೆ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿರುವ ಅಪ್ಪಂದಿರು ಅದನ್ನೇ ಕೇಳುತ್ತಾರೆ. 2004ರ ಜನವರಿಯಿಂದ ಸೇರಿದ ಕೇಂದ್ರ ನೌಕರರಿಗೆಲ್ಲ ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆ ಬಂತು, ಸಶಸ್ತ್ರ ಪಡೆಗಳನ್ನು ಬಿಟ್ಟು. ಹಾಗಾದರೆ ನಾವೂ ಸಶಸ್ತ್ರ ಪಡೆ ಅಲ್ವಾ ಎಂದು ಈ ಪಡೆಗಳವರು ಕೇಳಿದರು. ಹೌದು ಎಂದು 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ಆ ತೀರ್ಪಿಗೆ ತಡೆ ಸಿಕ್ಕಿತು. ಸಿಎಟಿಯಿಂದ ಹೊರಗಿಡುವಾಗ ಸಶಸ್ತ್ರ ಪಡೆ, ಪಿಂಚಣಿ ಕೊಡುವಾಗ ಅಲ್ಲ. ಈ ಎರಡನ್ನೂ ಒಟ್ಟಿಗೆ ಹೇಗೆ ಒಪ್ಪುವುದು? ನನಗೆ ಒಪ್ಪಲು ಆಗಿಲ್ಲ.

ಈಗ ನೇಮಕಾತಿ. ಸಿಆರ್‌ಪಿಎಫ್ ಕಾಯ್ದೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಾಲಿದೆ. ಯಾರನ್ನಾದರೂ ಪಡೆಗೆ ಸೇರಿಸಿಕೊಳ್ಳುವ ಮೊದಲು ನೇಮಕಾತಿ ಪತ್ರದಲ್ಲಿರುವುದನ್ನು ಅಧಿಕಾರಿಯ ಎದುರು ಅವರಿಗೆ ಓದಿ ಹೇಳಬೇಕು, ಬೇಕಿದ್ದರೆ ಬಿಡಿಸಿ ಹೇಳಬೇಕು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. 1949ರಲ್ಲಿ ಬರೆದದ್ದು. ಓದು ಬರಹ ಬರದ ಹಳ್ಳಿ ಹುಡುಗರು ಸಾಲಾಗಿ ನಿಂತಿರುವುದು ಆ ಸಾಲು ಓದಿದಾಗ ನನ್ನ ಕಣ್ಣಿಗೆ ಕಟ್ಟುತ್ತದೆ. ಗೊತ್ತಿಲ್ಲದೆ ಯಾರೂ ಸಹಿ ಹಾಕಬಾರದು ಎಂಬ ಕಾಳಜಿ ಅದರಲ್ಲಿದೆ. ಇವತ್ತು ನಾವು ಓದಿದ್ದೇವೆ, ಆದರೂ ಓದದೆ ಸಹಿ ಹಾಕುತ್ತೇವೆ.

ಕಾಯ್ದೆಯಲ್ಲಿ ಎತ್ತರ ಎಷ್ಟಿರಬೇಕು, ವಯಸ್ಸು ಎಷ್ಟು ಎಂದು ಹುಡುಕಿದರೆ ಸಿಗುವುದಿಲ್ಲ. ಪಡೆ ಇರಬೇಕು, ಅದರಲ್ಲಿ ಇಂತಿಂಥ ದರ್ಜೆ ಇರುತ್ತವೆ, ತಪ್ಪು ಮಾಡಿದರೆ ಶಿಕ್ಷೆ ಇದು ಎಂದು ಕಾಯ್ದೆ ಹೇಳುತ್ತದೆ. ಉಳಿದದ್ದಕ್ಕೆ ನಿಯಮ ಮಾಡಿಕೊಳ್ಳಿ ಎಂದು ಕೇಂದ್ರ ಸರ್ಕಾರಕ್ಕೆ ಬಿಡುತ್ತದೆ. ಹಾಗೆ ಬಂದದ್ದು ಸಿಆರ್‌ಪಿಎಫ್‌ನ 1955ರ ನಿಯಮಗಳು, ಬಿಎಸ್‌ಎಫ್‌ನ 1969ರ ನಿಯಮಗಳು. ಅದರ ಜೊತೆ ಒಂದೊಂದು ಹುದ್ದೆಗೂ ಬೇರೆ ಬೇರೆ ನೇಮಕಾತಿ ನಿಯಮ. ಕಚೇರಿಗಳಲ್ಲಿ 'ಆರ್‌ಆರ್' ಅನ್ನುತ್ತಾರೆ, ರಿಕ್ರೂಟ್‌ಮೆಂಟ್ ರೂಲ್ಸ್. ಗೆಜೆಟ್‌ನಲ್ಲಿ ಬರುತ್ತದೆ. ನೋಡಲು ಒಂದು ದೊಡ್ಡ ಕೋಷ್ಟಕ. ಹುದ್ದೆಯ ಹೆಸರು, ಎಷ್ಟು ಹುದ್ದೆ, ಸಂಬಳದ ಹಂತ, ವಯಸ್ಸು, ಓದು, ಪ್ರೊಬೇಷನ್ ಎಷ್ಟು ವರ್ಷ ಎಂದು ಕಾಲಂ ಕಾಲಂ ಇರುತ್ತದೆ. ಕೊನೆಯ ಕಡೆಯ ಕಾಲಂಗಳನ್ನು ಯಾರೂ ನೋಡುವುದಿಲ್ಲ. ನೇರ ನೇಮಕಾತಿ ಶೇಕಡ ಎಷ್ಟು, ಬಡ್ತಿಯಿಂದ ಎಷ್ಟು, ಡೆಪ್ಯುಟೇಶನ್ ಮೇಲೆ, ಅಂದರೆ ಬೇರೆ ಸೇವೆಯಿಂದ ಎರವಲಾಗಿ, ಹೊರಗಿನಿಂದ ಎಷ್ಟು, ಬಡ್ತಿಗೆ ಕೆಳಗಿನ ಹುದ್ದೆಯಲ್ಲಿ ಎಷ್ಟು ವರ್ಷ ಸೇವೆ ಆಗಿರಬೇಕು, ಎಲ್ಲ ಅಲ್ಲೇ ಇರುತ್ತದೆ. ನಿಮ್ಮ ಬದುಕು ಇರುವುದು ಆ ಕಾಲಂಗಳಲ್ಲಿ.

ಕಾನ್‌ಸ್ಟೆಬಲ್ ಹುದ್ದೆಗೆ ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 23, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಎತ್ತರ ಸಾಮಾನ್ಯವಾಗಿ ಹುಡುಗರಿಗೆ 170 ಸೆಂಟಿಮೀಟರ್, ಹುಡುಗಿಯರಿಗೆ 157. ಪರೀಕ್ಷೆ ನಡೆಸುವುದು ಸಿಬ್ಬಂದಿ ನೇಮಕಾತಿ ಆಯೋಗ, ನಮ್ಮ ಭಾಗದ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಹುದ್ದೆಗಳನ್ನು ರಾಜ್ಯವಾರು ಹಂಚುತ್ತಾರೆ, ಹಾಗಾಗಿ ವಾಸಸ್ಥಳ ಪ್ರಮಾಣಪತ್ರ ಬೇಕು. ಕರ್ನಾಟಕದ ಹುದ್ದೆಗೆ ನೀವು ಪೈಪೋಟಿ ಮಾಡುವುದು ಕರ್ನಾಟಕದವರ ಜೊತೆ. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, 2024ರ ತನಕ ಈ ಕಾನ್‌ಸ್ಟೆಬಲ್ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. 2024ರಿಂದ ಇನ್ನೂ 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಇದೆ. ರಾಯಚೂರಿನ, ಚಾಮರಾಜನಗರದ ಹುಡುಗನಿಗೆ ಗಣಿತ ಬರುತ್ತಿತ್ತು, ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಈಗ ಆ ಗೋಡೆ ಬಿದ್ದಿದೆ. ಇದು ಸಣ್ಣ ಸಂಗತಿ ಅಲ್ಲ. ಆದರೆ ಅಧಿಕಾರಿ ಆಗುವ ಪರೀಕ್ಷೆಯಲ್ಲಿ ಇನ್ನೂ ಬಿದ್ದಿಲ್ಲ. ಯುಪಿಎಸ್‌ಸಿ ನಡೆಸುವ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಯಲ್ಲಿ ಪ್ರಬಂಧವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕು. ಕಾನ್‌ಸ್ಟೆಬಲ್ ಆಗಲು ಕನ್ನಡ ಸಾಕು, ಅಧಿಕಾರಿ ಆಗಲು ಸಾಲದು ಅಂದರೆ ಹೇಗೆ? ಇದನ್ನು ನಾವು ಜೋರಾಗಿಯೇ ಕೇಳಬೇಕು.

ಇನ್ನೊಂದು ಮಾತು, ದಯವಿಟ್ಟು ಬರೆದುಕೊಳ್ಳಿ. ನಮ್ಮ ಹುಡುಗರು ಜಾಸ್ತಿ ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ರಾಜ್ಯದ 2ಎ, 3ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದ ಕೆಲಸಕ್ಕೆ ಮಾಡಿಸಿದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಎಂದು ಮೊದಲು ನೋಡಿ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಂದ್ರದ ನಮೂನೆಯಲ್ಲೇ ಮಾಡಿಸಿ, ತಾರೀಖು ಅಧಿಸೂಚನೆಯಲ್ಲಿ ಕೇಳಿದ ಅವಧಿಯ ಒಳಗಿರಲಿ. ಓಟ ಪಾಸಾಗಿ, ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಯಲ್ಲಿ ಹೊರಬಿದ್ದ ಹುಡುಗಿಯೊಬ್ಬಳು ನನ್ನ ಆಫೀಸಿನಲ್ಲಿ ಕೂತು ಅತ್ತಿದ್ದಾಳೆ. ಅವಳ ಕೇಸಿನಲ್ಲಿ ನಾನು ಏನೂ ಮಾಡಲು ಆಗಲಿಲ್ಲ.

ಹುಡುಗಿಯರು ಇಲ್ಲಿ ಇಷ್ಟು ಜನ ಬಂದಿದ್ದೀರಿ, ಸಂತೋಷ. 1986ರಲ್ಲೇ ಸಿಆರ್‌ಪಿಎಫ್ 88ನೇ ಬೆಟಾಲಿಯನ್ ಅನ್ನು ಪೂರ್ತಿ ಮಹಿಳೆಯರಿಂದ ಕಟ್ಟಿತು. 2016ರಲ್ಲಿ ಸಿಆರ್‌ಪಿಎಫ್ ಮತ್ತು ಸಿಐಎಸ್‌ಎಫ್ ಕಾನ್‌ಸ್ಟೆಬಲ್ ಹುದ್ದೆಗಳಲ್ಲಿ ಶೇಕಡ 33 ಮಹಿಳೆಯರಿಗೆ ಎಂದು ಕೇಂದ್ರ ತೀರ್ಮಾನಿಸಿತು. ಗಡಿ ಕಾಯುವ ಪಡೆಗಳಲ್ಲಿ ಅದು ಶೇಕಡ 14, 15ರ ಹತ್ತಿರ.

ಬಡ್ತಿಗೆ ಬರೋಣ. ಬಡ್ತಿ ಯಾರ ಹಕ್ಕೂ ಅಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಆದರೆ ಬಡ್ತಿಗೆ ನಿಮ್ಮ ಹೆಸರನ್ನು ನ್ಯಾಯವಾಗಿ ಪರಿಗಣಿಸಬೇಕು ಎನ್ನುವುದು ಹಕ್ಕು, ಮೂಲಭೂತ ಹಕ್ಕು. ಈ ಎರಡರ ನಡುವಿನ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಸೇವಾ ಕಾನೂನು ಬಂದಂತೆ.

ಇಲಾಖಾ ಬಡ್ತಿ ಸಮಿತಿ ಕೂರುತ್ತದೆ, ಎಲ್ಲರೂ ಡಿಪಿಸಿ ಅನ್ನುತ್ತಾರೆ. ಅವರ ಮುಂದೆ ನಿಮ್ಮ ವಾರ್ಷಿಕ ಕಾರ್ಯ ವರದಿಗಳು ಇರುತ್ತವೆ. ಆ ವರದಿಯನ್ನು ನಿಮಗೆ ತೋರಿಸಬೇಕು. ದೇವ್ ದತ್ತ್ ಎಂಬ ಕೇಂದ್ರ ನೌಕರರ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಅವರಿಗೆ ಬಂದಿದ್ದ ಗ್ರೇಡು 'ಗುಡ್', ಅಂದರೆ ಒಳ್ಳೆಯದೇ. ಆದರೆ ಬಡ್ತಿಗೆ 'ವೆರಿ ಗುಡ್' ಬೇಕಿತ್ತು. ಆ ಗ್ರೇಡನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸದಿದ್ದರೆ ಅವರು ತಕರಾರು ಸಲ್ಲಿಸುವುದಾದರೂ ಹೇಗೆ? ಅದಕ್ಕೇ ನಾನು ಹೇಳುವುದು, ಪ್ರತಿ ವರ್ಷ ನಿಮ್ಮ ವರದಿಯ ಪ್ರತಿ ಪಡೆದು ಮನೆಯಲ್ಲಿ ಒಂದು ಫೈಲಿನಲ್ಲಿ ಇಡಿ. ಬಾರ್ಡರಿನಲ್ಲಿ ಇದ್ದರೆ ಮನೆಗೆ ಅಂಚೆಯಲ್ಲಿ ಕಳಿಸಿ.

ವರದಿ ಜೊತೆಗೆ ಆರೋಗ್ಯ. ಈ ಪಡೆಗಳಲ್ಲಿ ಬಡ್ತಿಗೆ 'ಶೇಪ್-1' ಇರಬೇಕು. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಐದೂ ಮೊದಲ ದರ್ಜೆ. ಡ್ಯೂಟಿಯಲ್ಲಿ ಮಂಡಿ ಹೋದವರಿಗೆ, ಕಾಡಿನಲ್ಲಿ ಸ್ಫೋಟಕ್ಕೆ ಸಿಕ್ಕಿ ಕಿವಿ ಮಂದವಾದವರಿಗೆ ಇದು ಎಂಥ ಅಳತೆ ಎಂದು ಯೋಚಿಸಿ. ಗಾಯ ಡ್ಯೂಟಿಯಲ್ಲೇ ಆಯಿತು ಎಂದು ಕಾಗದದಲ್ಲಿ ಬರೆಸಿಕೊಳ್ಳುವುದು ಬಹಳ ಮುಖ್ಯ. ಆ ಹೊತ್ತಿನಲ್ಲಿ ಯಾರಿಗೂ ಕಾಗದದ ನೆನಪಿರುವುದಿಲ್ಲ, ನಿಜ. ಜೊತೆಯವರು ನೆನಪಿಟ್ಟುಕೊಂಡು ಮಾಡಿಸಬೇಕು.

ಖಾಲಿ ಹುದ್ದೆಯೇ ಇಲ್ಲದಿದ್ದರೆ? 10, 20, 30 ವರ್ಷಕ್ಕೆ ಒಂದೊಂದು ಸಲ ಸಂಬಳದ ಹಂತ ಏರುತ್ತದೆ. ಸಂಬಳ ಏರುತ್ತದೆ, ಭುಜದ ಮೇಲಿನ ಗುರುತು ಏರುವುದಿಲ್ಲ. ಸಮವಸ್ತ್ರದವರಿಗೆ ಅದರ ನೋವು ಬೇರೆ. ಊರಿಗೆ ಹೋದಾಗ ಅಳಿಯಂದಿರು ಕೇಳುವುದು ಸಂಬಳವನ್ನಲ್ಲ, ಈಗ ಏನಾಗಿದ್ದೀರಿ ಎಂದೇ ಅಲ್ವಾ?

ಅಧಿಕಾರಿಗಳ ಮಟ್ಟದಲ್ಲಿ ಇದೇ ನೋವು ದೊಡ್ಡ ಕೇಸಾಗಿ ಬೆಳೆಯಿತು. ಅಸಿಸ್ಟೆಂಟ್ ಕಮಾಂಡೆಂಟ್ ಆಗಿ ಇಪ್ಪತ್ತನಾಲ್ಕಕ್ಕೆ ಸೇರುತ್ತಾರೆ. ಆಮೇಲೆ ಡೆಪ್ಯುಟಿ ಕಮಾಂಡೆಂಟ್, ಸೆಕೆಂಡ್ ಇನ್ ಕಮಾಂಡ್, ಕಮಾಂಡೆಂಟ್, ಡಿಐಜಿ, ಐಜಿ. ಹತ್ತು ವರ್ಷ ದಾಟಿದರೂ ಮೊದಲ ಮೆಟ್ಟಿಲು ಹತ್ತದ ಅಧಿಕಾರಿಗಳನ್ನು ನಾನು ಬಲ್ಲೆ. ಮೇಲಿನ ಹುದ್ದೆಗಳಲ್ಲಿ ಐಪಿಎಸ್‌ನಿಂದ ಡೆಪ್ಯುಟೇಶನ್ ಮೇಲೆ ಬರುವವರಿಗೆ ಪಾಲಿದೆ. 2025ರಲ್ಲಿ ದೊಡ್ಡ ಪಡೆಗಳಲ್ಲಿ ಡಿಐಜಿ ಹುದ್ದೆಯಲ್ಲಿ ಶೇಕಡ 20, ಐಜಿ ಹುದ್ದೆಯಲ್ಲಿ ಅರ್ಧ ಇತ್ತು. ಇದು ಆಗ ಯಾವ ಪಡೆಯ ಕಾಯ್ದೆಯಲ್ಲೂ ಇರಲಿಲ್ಲ. ಎಲ್ಲಿತ್ತು? ನಾನು ಹೇಳಿದೆನಲ್ಲ, ಆ ಆರ್‌ಆರ್‌ನ ಕೊನೆಯ ಕಾಲಂನಲ್ಲಿ.

ಐಪಿಎಸ್‌ನವರ ಮೇಲೆ ನನಗೆ ಕೋಪ ಇಲ್ಲ. ಬಿಎಸ್‌ಎಫ್ ಕಟ್ಟಿದ ಮೊದಲ ಮುಖ್ಯಸ್ಥ ಕೆ. ಎಫ್. ರುಸ್ತಮ್‌ಜಿ ಪೊಲೀಸ್ ಸೇವೆಯಿಂದಲೇ ಬಂದವರು. ರಾಜ್ಯಗಳ ಪೊಲೀಸರ ಜೊತೆ ಹೊಂದಿಕೊಂಡು ಕೆಲಸ ಮಾಡಲು ಐಪಿಎಸ್‌ನವರು ಬೇಕು ಎಂದು ಸರ್ಕಾರ ಹೇಳುತ್ತದೆ, ಅದರಲ್ಲೂ ಹುರುಳಿದೆ. ಆದರೆ 1965ರಲ್ಲಿ ಪಡೆಗೆ ಸ್ವಂತ ಅಧಿಕಾರಿಗಳೇ ಇರಲಿಲ್ಲ. ಈಗ ಮೂವತ್ತು ವರ್ಷ ಕಾಡು, ಗಡಿ, ಗಲಭೆ ಎಲ್ಲ ಕಂಡು ಬಂದವರು ಇದ್ದಾರೆ. ತಮ್ಮ ಪಡೆಯನ್ನು ತಾವೇ ಮುನ್ನಡೆಸುವ ದಾರಿ ಅವರಿಗೆ ಅಗಲವಾಗಿ ತೆರೆದಿರಬೇಕು. ಇದು ನನ್ನ ನಂಬಿಕೆ.

ಕೋರ್ಟಿನ ದಾರಿ ಉದ್ದ ಇತ್ತು. ಈ ಪಡೆಗಳ ಅಧಿಕಾರಿಗಳದ್ದು ಸಂಘಟಿತ 'ಎ' ಗುಂಪಿನ ಸೇವೆ, ಅಂದರೆ ಕ್ರಮವಾದ ಬಡ್ತಿಯ ದಾರಿ ಇರುವ ಕೇಂದ್ರದ ಮೇಲ್ದರ್ಜೆಯ ಸೇವೆ ಎಂದು 2015ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು, ಅದೇ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅದರಿಂದ ಸಂಬಳದ ಲಾಭ ಸಿಕ್ಕಿತು. ಹುದ್ದೆಯ ಮಾತು ಹಾಗೇ ಉಳಿಯಿತು. ಮತ್ತೆ ಹೋದರು. 2025ರ ಮೇ 23ಕ್ಕೆ ತೀರ್ಪು ಬಂತು. ಪೀಠದಲ್ಲಿ ಇದ್ದವರು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್. ಓಕಾ ಅವರನ್ನು ನಾವು ಇಲ್ಲೇ ಕಂಡವರು, 2019ರಿಂದ 2021ರವರೆಗೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಸುಪ್ರೀಂ ಕೋರ್ಟಿನಲ್ಲಿ ಅವರ ಕೊನೆಯ ಕೆಲಸದ ದಿನ ಅದು. ಸಂಘಟಿತ ಸೇವೆ ಅಂದ ಮೇಲೆ ಎಲ್ಲ ಉದ್ದೇಶಕ್ಕೂ ಹೌದು ಎಂದು ತೀರ್ಪು ಹೇಳಿತು. ಆರು ತಿಂಗಳಲ್ಲಿ ಕೇಡರ್ ರಿವ್ಯೂ (ಯಾವ ದರ್ಜೆಯಲ್ಲಿ ಎಷ್ಟು ಹುದ್ದೆ ಇರಬೇಕು ಎಂಬ ಪರಿಶೀಲನೆ) ಮುಗಿಸಿ, ನೇಮಕಾತಿ ನಿಯಮಗಳನ್ನು ಮರುಪರಿಶೀಲಿಸಿ, ಐಜಿ ಮಟ್ಟದ ತನಕ ಡೆಪ್ಯುಟೇಶನ್ ಹುದ್ದೆಗಳನ್ನು ಹಂತ ಹಂತವಾಗಿ ಕಡಿಮೆ ಮಾಡಿ, ಹೆಚ್ಚೆಂದರೆ ಎರಡು ವರ್ಷದಲ್ಲಿ. ಕೇಂದ್ರದ ಮರುಪರಿಶೀಲನಾ ಅರ್ಜಿಯೂ 2025ರ ಅಕ್ಟೋಬರಿನಲ್ಲಿ ವಜಾ ಆಯಿತು. ಆರು ತಿಂಗಳ ಗಡುವು 2025ರ ನವೆಂಬರಿನ ತನಕ ಇತ್ತು. ನೀವು ಸೇರುವ ಹೊತ್ತಿಗೆ ಆ ಕಾಲಂ ಬದಲಾಗಿರಬಹುದು, ಹಾಗಾಗಿ ಹಳೆಯ ಗೈಡ್ ಪುಸ್ತಕ ನಂಬಬೇಡಿ, ಗೆಜೆಟ್ ನೋಡಿ.

ಕಾನ್‌ಸ್ಟೆಬಲ್ ಆಗಿ ಸೇರಿದವರಿಗೂ ಅಧಿಕಾರಿ ಆಗುವ ದಾರಿ ಇದೆ. ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗಳೆಲ್ಲ ಯುಪಿಎಸ್‌ಸಿ ಪರೀಕ್ಷೆಯಿಂದಲೇ ತುಂಬುವುದಿಲ್ಲ. ಒಂದು ಪಾಲು ಬಡ್ತಿಗೆ, ಒಂದು ಪಾಲು ಒಳಗಿನವರಿಗೇ ನಡೆಸುವ ಸೀಮಿತ ಇಲಾಖಾ ಪರೀಕ್ಷೆಗೆ ಇಟ್ಟಿರುತ್ತಾರೆ. ಡಿಗ್ರಿ ಮುಗಿಸದೆ ಸೇರಿದವರು ಸೇರಿದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಾದರೂ ಡಿಗ್ರಿ ಮುಗಿಸಿಕೊಳ್ಳಿ. ಬ್ಯಾರಕ್ಕಿನಲ್ಲಿ ಓದುವುದು ಕಷ್ಟ, ಗೊತ್ತು. ಓದಿದವರಿದ್ದಾರೆ.

ಈಗ ಹಾಸನದ ಕಡೆಯ ಆ ಹೆಡ್ ಕಾನ್‌ಸ್ಟೆಬಲ್ ವಿಷಯ. ಅವರ ಮೇಲೆ ಯಾರೋ ಒಂದು ದೂರು ಬರೆದಿದ್ದರು. ಪ್ರಾಥಮಿಕ ವಿಚಾರಣೆ ನಡೆಯುತ್ತಿತ್ತು, ಅಷ್ಟೇ. ಡಿಪಿಸಿ ಕೂತಾಗ ಅವರ ಫಲಿತಾಂಶವನ್ನು ಲಕೋಟೆಯಲ್ಲಿ ಹಾಕಿ ಮುಚ್ಚಿಬಿಟ್ಟಿದ್ದರು. ಇದಕ್ಕೆ ಮುಚ್ಚಿದ ಲಕೋಟೆ ಪದ್ಧತಿ ಎಂದೇ ಹೆಸರು. ವಿಚಾರಣೆ ಮುಗಿದು ತಪ್ಪಿಲ್ಲ ಎಂದಾದರೆ ತೆರೆಯುತ್ತಾರೆ. ಆದರೆ ಯಾವಾಗ ಮುಚ್ಚಬಹುದು? ಜಾನಕಿರಾಮನ್ ಪ್ರಕರಣದಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ಇಲಾಖೆಯ ದೋಷಾರೋಪ ಪತ್ರವೋ ಕ್ರಿಮಿನಲ್ ಕೇಸಿನ ಆರೋಪಪಟ್ಟಿಯೋ ಕೈಗೆ ಬಂದ ಮೇಲೆ ಮಾತ್ರ. ಸುಮ್ನೆ ದೂರು ಇದೆ, ವಿಚಾರಣೆ ನಡೆಯುತ್ತಿದೆ ಎಂದು ಮುಚ್ಚುವ ಹಾಗಿಲ್ಲ. ಅವರ ಕವರಿನಲ್ಲಿದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹುಡುಕಿದೆ, ದೋಷಾರೋಪ ಪತ್ರ ಇರಲಿಲ್ಲ. "ಇದಕ್ಕೆ ಸಂಬಂಧಪಟ್ಟು ಏನಾದ್ರೂ ಸಹಿ ಹಾಕಿ ತಗೊಂಡಿದ್ದೀರಾ?" ಎಂದು ಮೂರು ಸಲ ಕೇಳಿದೆ. ಇಲ್ಲ ಅಂದರು. ಹನ್ನೆರಡು ವರ್ಷ ಗಡಿಯಲ್ಲಿ ಇದ್ದವರು, ಹಾಗೆ ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು.

ನಮ್ಮ ರಿಟ್ ಅರ್ಜಿ ಎರಡೇ ಅಂಶದ್ದು. ದೋಷಾರೋಪ ಪತ್ರ ಇಲ್ಲ, ಆದ್ದರಿಂದ ಲಕೋಟೆ ತೆರೆಯಬೇಕು. ಹೈಕೋರ್ಟ್ ತೆರೆಯಲು ಹೇಳಿತು. ಒಳಗೆ ಸಮಿತಿ ಬರೆದಿದ್ದು 'ಅರ್ಹ' ಎಂದು. ಅಷ್ಟು ದಿನ ಅವರ ಬಡ್ತಿ ಆ ಕಾಗದದೊಳಗೇ ಕೂತಿತ್ತು. ಕಿರಿಯರಿಗೆ ಬಡ್ತಿ ಸಿಕ್ಕ ದಿನದಿಂದಲೇ ಅವರಿಗೂ ಸೀನಿಯಾರಿಟಿ ಸಿಕ್ಕಿತು.

ಕೆಲವು ತಿಂಗಳ ನಂತರ ಆಫೀಸಿಗೆ ಬಂದರು. ಭುಜದ ಮೇಲೆ ಒಂದು ನಕ್ಷತ್ರ. ಕೈಯಲ್ಲಿ ಅದೇ ಬಟ್ಟೆ ಅಂಗಡಿಯ ಕವರು, ಒಳಗೆ ಮನೆಯಲ್ಲಿ ಮಾಡಿದ ರವೆ ಉಂಡೆ. ಕಾಫಿ ಕುಡಿದು ಎದ್ದವರು ಬಾಗಿಲ ಹತ್ತಿರ ನಿಂತು ಕೇಳಿದರು: "ಸರ್, ಎಎಸ್‌ಐಯಿಂದ ಎಸ್‌ಐ ಆಗೋದಕ್ಕೆ ಆ ಕೋಷ್ಟಕದಲ್ಲಿ ಏನು ಬರೆದಿದೆ? ನನಗೆ ಒಂದು ಜೆರಾಕ್ಸ್ ಸಿಗುತ್ತಾ?"